ಬೀರಪ್ಪ ಕಾಯಬೇಕಾದ ಹಿಂಡು

ಪೂಜಾರಿ ಮುತ್ಯಾನ ಬಲಗಿವಿ ಎಡಗಿವಿಗಿಂತ ಉದ್ದವಾಗಿತ್ತು. ಎರಡರಲ್ಲೂ ಒಂದೇ ತೂಕದ ಬಂಗಾರದ ಮುರುವು. ಆದರೆ ಬಲಗಿವಿಯ ಹಾಲೆ ಮಾತ್ರ ಜೋತುಬಿದ್ದು, ಅವನು ತಲೆ ಅಲ್ಲಾಡಿಸಿದಾಗ ದವಡೆಗೆ ಬಡಿಯುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ ಅದು. ಏನಾದರೂ ತಿಳಿಯಬೇಕೆನಿಸಿದರೆ ಅವನು ಎದುರಿನವರ ಮುಂದೆ ಕುಕ್ಕರಗಾಲಲ್ಲಿ ಕೂತು, ಆ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ಕೆಳಗೆ ಎಳೆಯುತ್ತಿದ್ದ. ತಿಳಿಯಬೇಕೆನಿಸದ ದಿನವೇ ಅವನಿಗಿರಲಿಲ್ಲ. ಕಿವಿ ಬೆಳೆಯುತ್ತ ಹೋಯಿತು.

"ಕೇಳಿದ್ರ ಕಿವಿ ಸವೆಯಂಗಿಲ್ಲ" ಎನ್ನುವುದು ಅವನ ಮಾತು. ಅದಕ್ಕೆ ನಮ್ಮೂರ ಹೆಂಗಸರು, "ಹೌದ್ ಮುತ್ಯಾ, ನಿಂದು ಸವದಿಲ್ಲ, ಬೆಳದದ" ಎಂದು ನಗುತ್ತಿದ್ದರು.

ನಮ್ಮೂರು ಮುರುಮ್ ಪೇಟೆಯ ಆಚೆ, ಮರಾಠಿ ಸೀಮೆಯಲ್ಲಿ, ಕರ್ನಾಟಕದ ಗಡಿಗೆ ಅಂಟಿಕೊಂಡ ಊರು. ಶಾಲೆ ಮರಾಠಿ, ಮನೆ ಕನ್ನಡ, ಸಂತೆ ಎರಡೂ. ಊರಿನಲ್ಲಿ ಕುರಿ ಸಾಕುವ ಮನೆಗಳೇ ಹೆಚ್ಚು, ನಮ್ಮದೂ ಅದರಲ್ಲೊಂದು. ಮುತ್ಯಾ ನಮ್ಮ ಬೀರಪ್ಪನ ಗುಡಿಯ ಪೂಜಾರಿ. ನಮಗೆ ರಕ್ತಸಂಬಂಧದ ಅಜ್ಜನಲ್ಲ, ಊರಿಗೆಲ್ಲ ಮುತ್ಯಾ, ನಮಗೂ ಮುತ್ಯಾ. ಒಮ್ಮೆ ಉಮರ್ಗಾ ಬಸ್ಸಿನಲ್ಲಿ ಟಿಕೆಟಿನ ಮಷೀನು ಕಂಡವನು, ಮಸಿಯೇ ಇಲ್ಲದೆ ಕಾಗದದ ಮೇಲೆ ಅಕ್ಷರ ಹೇಗೆ ಮೂಡುತ್ತದೆ ಎಂದು ಕೇಳುತ್ತ ಕಂಡಕ್ಟರನ ಕೈ ಬಿಡಲಿಲ್ಲ. ಆ ಪಾಪದವನು "ಬಾಬಾ, ಬಸಾ ಆತಾ" ಎಂದು, ಕೂತುಕೊಳ್ಳಪ್ಪ ಎಂದು, ಮರಾಠಿಯಲ್ಲಿ ಕೈಮುಗಿದ. ಮುತ್ಯಾ ಕೂತ. ಕೂತು ಪಕ್ಕದವನನ್ನು ಕೇಳತೊಡಗಿದ.

ಇಂಥವನು ನನ್ನ ಓದಿಗೆ ದಾರಿ ಮಾಡಿಕೊಟ್ಟ ಬಗೆ ಹೇಳಬೇಕಾದರೆ ಮೊದಲು ನಮ್ಮ ಒಂದು ಪದ್ಧತಿ ಹೇಳಬೇಕು.

ಕುರಿ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಅಪರೂಪಕ್ಕೆ ಎರಡು. ನಮ್ಮಲ್ಲಿ ಯಾರ ಹಿಂಡಿನಲ್ಲಾದರೂ ಜೋಡಿಮರಿ ಹುಟ್ಟಿದರೆ ಆ ಎರಡೂ ಬೀರಪ್ಪನವು. ಮುತ್ಯಾ ಮನೆಗೆ ಬಂದು, ಮರಿಗಳ ಹಣೆಗೆ ಭಂಡಾರದ ಅರಿಶಿನ ಹಚ್ಚಿ, ಕಿವಿಯ ತುದಿಯನ್ನು ಚೂರು ಕತ್ತರಿಸಿ ಗುರುತು ಮಾಡುತ್ತಿದ್ದ. ಮರಿ ಹಾಲು ಬಿಟ್ಟ ಮೇಲೆ ಗುಡಿಯ ಮುಂದೆ ಹರಾಜು. ನಿಲಂಗಾದ ಕಡೆಯ ವ್ಯಾಪಾರಿಗಳು ಬಂದು ಒಯ್ಯುತ್ತಿದ್ದರು. ಬಂದದ್ದು ಗುಡಿಗೆ, ಅದರಲ್ಲೇ ಒಂದು ಪಾಲು ಪೂಜಾರಿಗೆ. ಹುಟ್ಟಿದ್ದು ಎರಡಾದರೆ ಎರಡನ್ನೂ ಕೊಡಬೇಕು, ಕೊಟ್ಟರೆ ಹಿಂಡಿಗೆ ರೋಗ ಬರುವುದಿಲ್ಲ ಎಂಬ ನಂಬಿಕೆ. ಯಾರೂ ತಪ್ಪಿಸುತ್ತಿರಲಿಲ್ಲ.

ನಾನು ಉದಗೀರದಲ್ಲಿ ಬಿ.ಎಸ್ಸಿ. ಓದುವ ಹೊತ್ತಿಗೆ ಊರಿನಲ್ಲಿ ಒಂದು ಗುಸುಗುಸು ಎದ್ದಿತ್ತು. ಮೊದಲು ಪ್ರತಿ ಸುಗ್ಗಿಗೂ ಗುಡಿಯ ಮುಂದೆ ಜೋಡಿಗಳ ಸಾಲು ನಿಲ್ಲುತ್ತಿತ್ತಂತೆ. ಈಗ ಒಂದೋ ಎರಡೋ. ದೇವರು ಮುನಿದಿದ್ದಾನೆ, ಪೂಜಾರಿಗೆ ಮಡಿ ಕಡಿಮೆಯಾಗಿದೆ ಎಂಬುದು ಮಾತು. ಈ ಮಾತಿನ ಮುಂದಾಳು ನಮ್ಮ ಓಣಿಯ ದೊಡ್ಡ ಹಿಂಡಿನ ಕಾಕಾ. "ವಾರ ಹಿಡದು ಉಪಾಸ ಇರೂ ದಿನಾನೂ ಉಮರ್ಗಾದಾಗ ಭಜಿ ತಿಂತಾನ. ದೇವರು ಜೋಡಿ ಕೊಡತಾನೇನು?" ಎನ್ನುತ್ತಿದ್ದ. ಗುಡಿಯ ಗಂಟೆ ತನ್ನ ತಮ್ಮನ ಕೈಗೆ ಬರಬೇಕೆಂಬ ಆಸೆಯೂ ಅವನಿಗಿತ್ತು. ಗಂಟೆ ಹಿಡಿದವನೇ ಪೂಜಾರಿ.

ಭಜಿಯ ಮಾತು ಖರೆ. ಮುತ್ಯಾ ಅದನ್ನು ಎಂದೂ ಅಲ್ಲಗಳೆಯಲಿಲ್ಲ.

ನಮ್ಮ ಊರಿನಲ್ಲಿ ಮೊಬೈಲಿಗೆ ರೇಂಜು ಸಿಗುವುದು ಗುಡಿಕಟ್ಟೆಯ ಮೇಲೆ ಮಾತ್ರ. ಪರೀಕ್ಷೆ ಮುಗಿಸಿ ಬಂದವಳು ಅಲ್ಲೇ ಕೂತಿದ್ದಾಗ ಕಾಲೇಜಿನ ಮೇಡಂ ಅವರ ಸಂದೇಶ ಬಂತು. ಪುಣೆಯ ಒಂದು ಸಂಸ್ಥೆಯ ಬೇಸಿಗೆ ಸಂಶೋಧನಾ ತರಬೇತಿಗೆ ನಾನು ಆಯ್ಕೆಯಾಗಿದ್ದೆ. ವಿಷಯ ಬಯೊಇನ್ಫರ್ಮ್ಯಾಟಿಕ್ಸ್. ಕಲಿಸುವುದು ಉಚಿತ, ಇರುವುದು, ಉಣ್ಣುವುದು, ಹೋಗಿ ಬರುವುದು ನಮ್ಮ ಖರ್ಚು.

ಮುತ್ಯಾ ಒಳಗಿಂದ ನೋಡುತ್ತಿದ್ದ. "ಏನ್ ಬಂತು ಪೋರಿ? ಮಾರಿ ಅರಳಿತು, ಮತ್ತ ಬಾಡಿತು."

"ಪುಣೆದಾಗ ಬ್ಯಾಸಗಿ ತರಬೇತಿ ಅದ ಮುತ್ಯಾ. ನನ್ನ ಆರಸ್ಯಾರ. ಖರ್ಚ ನಮ್ಮದ ಅಂತ. ಅಪ್ಪನ ಕಡೆ ರೊಕ್ಕ ಎಲ್ಲಿ ಅದ?"

ಖರ್ಚಿನ ಮಾತು ಅವನ ಕಿವಿಗೆ ಬೀಳಲೇ ಇಲ್ಲ. ಬಂದು ಕುಕ್ಕರಗಾಲಲ್ಲಿ ಕೂತ. "ಏನು ಕಲಸ್ತಾರ ಅಲ್ಲಿ?"

"ಜೀವದ ಒಳಗ ಒಂದು ಬರವಣಗಿ ಇರತದ. ಕುರಿ ಕಪ್ಪ ಯಾಕ, ಬಿಳಿ ಯಾಕ, ಎಲ್ಲಾ ಅದರಾಗ. ಭಾಳ ಉದ್ದ ಇರತದ, ಮನಶ್ಯಾಗ ಓದಿ ಮುಗಸಲಾಕ ಆಗಂಗಿಲ್ಲ. ಕಂಪ್ಯೂಟರಲೆ ಓದೂದು."

"ಮತ್ತ? ಕುರಿದೂ ಓದ್ಯಾರ?"

"ಓದ್ಯಾರ."

"ಯಾರ ಕುರಿ?"

"ಯಾರದಾರ ಇರತದ ಮುತ್ಯಾ, ನನಗೇನ್ ಗೊತ್ತು?"

"ಅಷ್ಟ ಉದ್ದ ಓದಿದವರು ಕುರಿ ಯಾರದು ಅಂತ ಕೇಳಿಲ್ಲ?" ಅವನಿಗೆ ಖರೆಖರೆ ಬೇಸರವಾಯಿತು. ಆಮೇಲೆ ಕೈ ಕಿವಿಗೆ ಹೋಯಿತು. "ಜೋಡಿ ಹಾಕೂದು ಅದರಾಗ ಬರದಿರತದೇನು?"

"ಇರಬಹುದು."

"ಇರಬಹುದು ಅಂದ್ರ?"

"ಗೊತ್ತಿಲ್ಲ ಮುತ್ಯಾ."

"ಗೊತ್ತಿಲ್ಲ ಅಂದ್ರ ಹೋಗಬೇಕು" ಎಂದ. ಅಷ್ಟೇ. ನಾನು ಅದನ್ನು ಮುದುಕರ ಮಾತೆಂದು ಬಿಟ್ಟುಬಿಟ್ಟೆ.

ಉಣ್ಣೆ ಕತ್ತರಿಸಿ ಮುಗಿದ ವಾರ ಗುಡಿಯಲ್ಲಿ ಹಿರಿಯರ ಬೈಠಕ್ಕು. ಗುಡಿಯಲ್ಲಿ ಕೂಡಿದ್ದ ಹಣದಲ್ಲಿ ಕಮಾನು ಕಟ್ಟಿಸುವ ವಿಚಾರ. ನಾವು ಹೆಂಗಸರು ಕಟ್ಟೆಯ ಕೆಳಗೆ ಕೂತಿದ್ದೆವು. ಮಾತು ಕಮಾನಿನಿಂದ ಜೋಡಿಗೆ, ಜೋಡಿಯಿಂದ ಭಜಿಗೆ ಬಂತು. ಕಾಕಾ ಕೈ ಬೀಸಿ ಬೀಸಿ ಹೇಳಿದ. ಎಲ್ಲ ಕೇಳಿ ಮುತ್ಯಾ ಎದ್ದ.

"ಜೋಡಿ ಯಾಕ ಕಡಿಮಿ ಆದವು ಅಂತ ನನಗ ಕೇಳತೀರಿ. ನನಗ ಜವಾಬ ಗೊತ್ತಿಲ್ಲ. ತಿಳಕೊಂಡ ಬರಲಾಕ ಈ ಪೋರಿನ್ನ ಪುಣೆಗೆ ಕಳಸೂಣು. ದೇವರ ರೊಕ್ಕ ಖರ್ಚ ಆಗಲಿ."

ಗದ್ದಲವೆದ್ದಿತು. "ಹುಡುಗಿ ಪುಣೆಗೆ ಹೋದ್ರ ಕಮಾನ ಯಾರು ಕಟ್ಟಬೇಕು?" ಎಂದು ಕಾಕಾ ಚೀರಿದ.

"ಕಮಾನ ಇಲ್ದಾನೂ ಬೀರಪ್ಪ ಒಳಗ ಬರತಾನ. ಅಂವಗ ಬಾಗಲಾ ಗೊತ್ತದ."

ಜನ ನಕ್ಕರು. ಕಾಕಾ ನಗಲಿಲ್ಲ. "ಆಕಿ ಬಂದು ಏನ್ ಹೇಳತಾಳ ಬಿಡು. ನಿನ್ನ ಬಚಾವ ಮಾಡತಾಳ."

ಆಗ ಮುತ್ಯಾ ಪೂಜೆಯ ಗಂಟೆ ತಂದು ಎಲ್ಲರ ನಡುವೆ ಇಟ್ಟ. "ಆಕಿ ಬಂದು ಪೂಜಾರಿದ ಕಾರಣ ಅಂದ್ರ, ಈ ಗಂಟಿ ನಿಮ್ಮ ಕೈಯಾಗ ಕೊಟ್ಟು ಇಳೀತೀನಿ." ನನ್ನ ಕಡೆ ತಿರುಗಿದ. "ನಿನಗ ಒಂದ ಶರತ್ತು. ಬಂದ ಮ್ಯಾಲ ಇಲ್ಲೇ, ದೇವರ ಮುಂದ, ನಮ್ಮ ಮಾತಿನಾಗ ಹೇಳಬೇಕು. ನನಗ ತಿಳಿಯೂತನ ಹೇಳಬೇಕು."

ಗಂಟೆಯನ್ನೇ ಪಣಕ್ಕಿಟ್ಟ ಮೇಲೆ ಕಾಕಾನೂ ಒಪ್ಪಿದ. ಹೀಗೆ ನಾನು ಪುಣೆಗೆ ಹೋದೆ. ನಮ್ಮ ಮನೆತನದಲ್ಲಿ ಮೆಟ್ರಿಕ್ ದಾಟಿದವಳು ನಾನೇ ಮೊದಲು. ಹೇಳಿಕೊಳ್ಳಲು ಹೆಮ್ಮೆಯಿದೆ, ಹೇಳಿಕೊಳ್ಳುತ್ತೇನೆ. ಉಳಿದ ಹುಡುಗ ಹುಡುಗಿಯರ ಇಂಗ್ಲಿಷು ಸರಾಗ ಹರಿಯುತ್ತಿತ್ತು; ನನ್ನದು ಎಡವುತ್ತಿತ್ತು. ಮೊದಲ ವಾರ ಎಲ್ಲರಿಗೂ ಒಂದು ಪ್ರಶ್ನೆ ಆರಿಸಿಕೊಳ್ಳಿ ಎಂದರು. ಅವರೆಲ್ಲ ಪುಸ್ತಕ ಹುಡುಕಿದರು. ನಾನು ಹುಡುಕಬೇಕಾಗಲಿಲ್ಲ, ನನ್ನದು ಊರಿಂದಲೇ ಬಂದಿತ್ತು.

ನಮಗೆ ಕಲಿಸುವ ಸಾಹೇಬರು ನಾನು ಹೇಳಿದ್ದನ್ನು ಕೇಳಿ ಕುರ್ಚಿ ಹತ್ತಿರ ಎಳೆದುಕೊಂಡರು. ಕೆಲವು ತಳಿಯ ಕುರಿಗಳಲ್ಲಿ ಜೋಡಿ ಹಾಕುವ ಗುಣ ತಾಯಿಯಿಂದ ಮಗಳಿಗೆ, ಟಗರಿನ ಕಡೆಯಿಂದಲೂ ಇಳಿದು ಬರುತ್ತದೆ ಎಂದು ತಿಳಿಸಿದರು. ಆ ಗುಣ ಹುಡುಕುವ ಪರೀಕ್ಷೆಗೆ ಬಂದ ಮಾದರಿಗಳನ್ನೂ ತೋರಿಸಿದರು. ಪುಟ್ಟ ಪುಟ್ಟ ಕೊಳವೆಗಳಲ್ಲಿ ಕುರಿಯ ಕಿವಿಯ ತುಣುಕು. ನನಗೆ ಭಂಡಾರದ ವಾಸನೆ ಬಂದಂತಾಯಿತು.

ನಮ್ಮ ಕುರಿಗಳ ಮಾದರಿ ನನ್ನ ಬಳಿ ಇರಲಿಲ್ಲ. ಹಾಗಾಗಿ ಸಾಹೇಬರು ಬೇರೆ ದಾರಿ ತೋರಿದರು. ಕಂಪ್ಯೂಟರಿನೊಳಗೇ ಒಂದು ಹಿಂಡು ಕಟ್ಟು. ಅದು ಮರಿ ಹಾಕಲಿ, ಬೆಳೆಯಲಿ, ಸಾಯಲಿ. ನಿಮ್ಮ ಊರಿನಲ್ಲಿ ಹಿಂಡಿಗೆ ಏನೇನು ಮಾಡುತ್ತೀರೋ ಅದನ್ನೆಲ್ಲ ಅದಕ್ಕೂ ಮಾಡು ಎಂದರು. ಪ್ರೋಗ್ರಾಂ ಬರೆಯುವುದು ಕಲಿಯಲು ಒದ್ದಾಡಿದೆ. ಕೊನೆಗೆ ಹಿಂಡು ನಡೆಯಿತು. ಕಳ್ಳತನ ಹಾಕಿದೆ, ರೋಗ ಹಾಕಿದೆ, ಸಂತೆಯ ಮಾರಾಟ ಹಾಕಿದೆ. ಜೋಡಿ ಹೆಚ್ಚು ಕಡಿಮೆ ಆಗುತ್ತಿದ್ದವು, ಮುಗಿಯುತ್ತಿರಲಿಲ್ಲ. ಸಾಹೇಬರು ಕೇಳಿದರು: ಇನ್ನೇನೂ ಮಾಡುವುದಿಲ್ಲವೇ? ಇಲ್ಲ ಎಂದೆ. ದೇವರಿಗೆ ಕೊಡುವುದನ್ನು ನಾನು ಹಿಂಡಿಗೆ ಮಾಡುವ ಕೆಲಸವೆಂದು ಎಣಿಸಿರಲೇ ಇಲ್ಲ.

ಹೊಳೆದ ಮೇಲೆ ಅದನ್ನೂ ಹಾಕಿದೆ. ಜೋಡಿಯಾಗಿ ಹುಟ್ಟಿದ್ದೆಲ್ಲ ಹಿಂಡಿನಿಂದ ಹೊರಗೆ. ತೆರೆಯ ಮೇಲಿನ ಜೋಡಿಗಳ ಗೆರೆ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತ ಹೋಗಿ ಇನ್ನೇನು ನೆಲ ಮುಟ್ಟುವಂತಾಯಿತು.

ನನಗೆ ಮೊದಲು ಖುಷಿಯಾಯಿತು. ಆಮೇಲೆ ಊರು ನೆನಪಾಯಿತು. ಜೋಡಿಗಳ ಕಿವಿ ಕತ್ತರಿಸಿ ಹಿಂಡಿನಿಂದ ಬೇರೆ ಮಾಡಿದ ಕೈ ಯಾರದು? ನನ್ನನ್ನು ಪುಣೆಗೆ ಕಳಿಸಿದ ಕೈ. ಕಾರಣ ಪೂಜಾರಿ ಎಂದರೆ ಗಂಟೆ ಬಿಡುತ್ತೇನೆ ಎಂದ ಕೈ.

ಊರಿಗೆ ಬಂದವಳು ಬೈಠಕ್ಕಿಗೆ ಮೊದಲೇ ಅವನನ್ನು ಹುಡುಕಿಕೊಂಡು ಹೋದೆ. ಮಧ್ಯಾಹ್ನ. ಗುಡಿಯ ಹಿಂದೆ ಬೇವಿನ ಕೆಳಗೆ ಕಂಬಳಿ ಹಾಸಿ ಕೂತಿದ್ದ. ನಾನು ಕಟ್ಟಿದ ಹಿಂಡಿನ ಕಥೆ ಹೇಳಿದೆ.

"ಕಂಪ್ಯೂಟರಿನಾಗ ಹಿಂಡು?" ಕೈ ಕಿವಿಗೆ ಹೋಯಿತು. "ಅದಕ್ಕ ನೀರ ಎಲ್ಲಿ ಕುಡಸ್ತಿದ್ದಿ?"

"ನೀರ ಬೇಕಾಗಂಗಿಲ್ಲ ಮುತ್ಯಾ. ಲೆಕ್ಕದ ಕುರಿ."

"ಲೆಕ್ಕದ್ದಾದ್ರೂ ಕುರಿನ ಅಲಾ. ಇರಲಿ, ಮುಂದ?"

ಮುಂದಿನದನ್ನು ತೋರಿಸಿಯೇ ಹೇಳಬೇಕಿತ್ತು. ಮನೆಗೆ ಓಡಿ ಜೋಳ, ತೊಗರಿ ತಂದು ಕಂಬಳಿಯ ಮೇಲೆ ಬೆರೆಸಿ ಸುರಿದೆ. ಜೋಳ ಒಂದೇ ಹಾಕುವ ಕುರಿ, ಕೆಂಪು ತೊಗರಿ ಜೋಡಿ ಹಾಕುವ ಕುರಿ ಎಂದು ತಿಳಿ ಎಂದೆ. ಒಂದು ಹಿಡಿ ತೆಗೆದು ಬೇರೆ ಇಟ್ಟು, ಇದು ಈ ವರ್ಷ ಹುಟ್ಟಿದ ಮರಿಗಳು, ಇದರಲ್ಲಿ ದೇವರ ಪಾಲು ತೆಗಿ ಎಂದೆ. ಅವನು ತೊಗರಿ ಆರಿಸಿ ಪಕ್ಕಕ್ಕಿಟ್ಟ. ಉಳಿದದ್ದನ್ನು ರಾಶಿಗೆ ಬೆರೆಸಿದೆ. ಮತ್ತೆ ಹಿಡಿ, ಮತ್ತೆ ತೊಗರಿ. ಸ್ವಲ್ಪ ಹೊತ್ತಿಗೆ ಅವನು ನನ್ನನ್ನು ಕಾಯದೆ ತಾನೇ ಹಿಡಿ ತೆಗೆಯತೊಡಗಿದ. ಒಂದು ಸಲ ಹಿಡಿಯೊಳಗೆ ಬರೀ ಜೋಳ ಬಂತು. ಅವನು ಅದನ್ನು ಬೆರಳಲ್ಲಿ ಹರಡಿ ಹರಡಿ ನೋಡಿದ.

ಕೈ ಕಿವಿಯ ಹತ್ತಿರ ಹೋಗಲಿಲ್ಲ. ಅವನ ಮಡಿಲಲ್ಲಿ ಬಿದ್ದಿತ್ತು.

"ನಾನ ತೆಗದೆ" ಎಂದ. ಆಮೇಲೆ, "ಇದು ಪಕ್ಕಾನ?"

"ಪೂರ್ತಿ ಪಕ್ಕಾ ಅಲ್ಲ. ಮೇವ ಕಡಿಮಿ ಆಗಿದ್ದೂ ಇರಬಹುದು. ನಮ್ಮ ಕುರಿದ ಕಿವಿ ತುಣಕ ತಗೊಂಡ ಓದಿದ್ರ ತಿಳೀತದ. ನಮ್ಮ ಸಾಹೇಬ್ರಿಗೂ ಪೂರಾ ಗೊತ್ತಿಲ್ಲ."

ಆಗ ಅವನ ಮುಖ ಅರಳಿತು. "ಅವರಿಗೂ ಗೊತ್ತಿಲ್ಲ? ಛಲೋ ಆತು. ಹಂಗಾರ ನೋಡೂದು ಇನ್ನೂ ಅದ. ಮತ್ತ ಅವರೂ ಕಿವಿನ ಕತ್ತರಸ್ತಾರ? ಏ, ನಿಮ್ಮ ಸಾಹೇಬ್ರೂ ಪೂಜಾರಿನ ಅಲಾ!"

ನಾನು ಹೇಳಿದೆ, "ಮುತ್ಯಾ, ಬೈಠಕ್ಕಿನಾಗ ಮೇವ ಕಡಿಮಿ ಅಂತಷ್ಟ ಹೇಳತೀನಿ. ಸುಳ್ಳಲ್ಲ ಅದು."

ಅವನು ಎದ್ದು ನಿಂತ. ನನ್ನ ಮೇಲೆ ಅವನು ಸಿಟ್ಟಾದದ್ದು ಅದೊಂದೇ ಸಲ. "ರೊಕ್ಕ ದೇವರದು. ಜವಾಬನೂ ದೇವರದು. ಅರ್ಧ ನುಂಗಬ್ಯಾಡ."

ಬೈಠಕ್ಕಿನಲ್ಲಿ ಹೇಳಿದೆ. ಕಂಬಳಿ, ಜೋಳ, ತೊಗರಿ ಎಲ್ಲ ಅಲ್ಲಿಯೂ ಬಂತು. ಕಾಕಾ ಸಾವಕಾಶ ಕೇಳಿದ, ಕೊನೆಗೆ ಎದ್ದ. "ಅಂದ್ರ ಪೂಜಾರಿದ ಕೈಲೆನ ಆಗ್ಯದ! ಮತ್ತ ಈಕಿನ್ನ ನೋಡ್ರಿ, ದೇವರ ರೊಕ್ಕ ಉಂಡು ದೇವರ ಪಾಲ ತಪ್ಪಸಲಾಕ ಬಂದಾಳ!"

ಅಪ್ಪ ನನ್ನ ಪಕ್ಕ ಬಂದು ನಿಂತ. ಮುತ್ಯಾ ಒಳಗೆ ಹೋಗಿ ಗಂಟೆ ತಂದು ಕಾಕಾನ ಮುಂದೆ ಇಟ್ಟ.

"ಆಡಿದ ಮಾತು. ಇನ್ನ ನಾ ಪೂಜಾರಿ ಅಲ್ಲ. ನಿಮ್ಮಂಗ ಒಬ್ಬ ಕುರುಬ. ಕುರುಬ ಅಂತ ಒಂದ ಸವಾಲ ಕೇಳಲೇನು?"

"ಕೇಳು."

ಕುಕ್ಕರಗಾಲಲ್ಲಿ ಕೂತ. ಕಿವಿ ಹಿಡಿದ. "ಬೀರಪ್ಪ ಯಾರು? ಕುರಿ ಕಾಯೂ ದೇವರು. ಅಂವಗ ಕುರಿ ಕೊಡತೀವಿ. ಕೊಟ್ಟ ಮ್ಯಾಲ ಅವನ ಕೈಯಾಗಿಂದ ಕಸಗೊಂಡು ಬಾಜಾರಕ್ಕ ಹೊಡೀತೀವಿ. ಮತ್ತ ಅಂವ ಕಾಯಬೇಕಾದದ್ದು ಏನು? ಖಾಲಿ ಕುರಿದಡ್ಡಿ?"

ಹಿಂದಿನ ಸಾಲಿನಿಂದ ಯಾವುದೋ ಮುದುಕಿ, "ಖರೆ ಅದ ಯಪ್ಪಾ" ಎಂದಳು. ಆಮೇಲಿನ ಮಾತು ಸಂಜೆವರೆಗೆ ನಡೆಯಿತು. ಕೊನೆಗೆ ಇತ್ಯರ್ಥವಾದದ್ದು ಇಷ್ಟು: ಜೋಡಿಗಳು ದೇವರವೇ, ಆದರೆ ಮಾರುವಂತಿಲ್ಲ. ಗುಡಿಯ ಹೊಲದಲ್ಲಿ ದೇವರಿಗೇ ಒಂದು ಹಿಂಡು. ಅಲ್ಲಿ ಬೆಳೆದ ಟಗರು ಸರದಿಯಂತೆ ಊರ ಹಿಂಡುಗಳಿಗೆ. ದೇವರ ಹಿಂಡಿನ ಉಣ್ಣೆ ಮತ್ತು ಒಂಟಿ ಹುಟ್ಟಿದ ಗಂಡುಮರಿ ಮಾರಿ ಬಂದದ್ದರಲ್ಲಿ ಪ್ರತಿ ಬೇಸಿಗೆ ಒಬ್ಬರನ್ನು ಕಲಿಯಲು ಕಳಿಸುವುದು. ಬಂದವರು ಕಟ್ಟೆಯ ಮೇಲೆ ಕೂತು ನಮ್ಮ ಮಾತಿನಲ್ಲಿ ಹೇಳುವುದು. ಗಂಟೆ ಕಾಕಾನ ತಮ್ಮನಿಗೆ ಹೋಯಿತು. ದೇವರ ಹಿಂಡಿಗೆ ಮೊದಲ ಜೋಡಿ ತಂದು ಬಿಟ್ಟವನು ಕಾಕಾ. ಕಾಯುವವನು ಯಾರು ಎಂದಾಗ ಮುತ್ಯಾ ಮಾತಾಡದೆ ಕೋಲು ತಗೊಂಡ.

ಪೂಜಾರಿಯ ಪಾಲು ಹೋಯಿತು, ಗುಡಿಯ ಒಳಗಿನ ಜಾಗ ಹೋಯಿತು. ಜನ ಮಾತ್ರ ಅವನನ್ನು ಪೂಜಾರಿ ಮುತ್ಯಾ ಎನ್ನುವುದು ಬಿಡಲಿಲ್ಲ. ಪೂಜೆ ತಪ್ಪಿದ್ದಕ್ಕೆ ಬೇಸರವೇ ಎಂದು ಒಮ್ಮೆ ಕೇಳಿದ್ದೆ. "ಮೊದಲ ಬೀರಪ್ಪಗ ಹೂವ ಏರಸ್ತಿದ್ದೆ. ಈಗ ಅವನ ಕೆಲಸಾನ ಮಾಡಲಾಕ ಹತ್ತೀನಿ. ನನ್ನ ಪದವಿ ಏರಿತೋ ಇಳೀತೋ ನೀನ ಹೇಳು" ಎಂದ. ಭಜಿ ತಿನ್ನಲು ಈಗ ಯಾರ ಅಡ್ಡಿಯೂ ಇರಲಿಲ್ಲ.

ನಾನು ಪುಣೆಯಲ್ಲೇ ಎಂ.ಎಸ್ಸಿ.ಗೆ ಸೇರಿದೆ. ಮರುಬೇಸಿಗೆ ಸಾಸ್ತೂರಿನಲ್ಲಿರುವ ನಮ್ಮ ನೆಂಟರ ಹುಡುಗ ಕಲಿಯಲು ಹೋಗಿಬಂದ. ಮುರಿದ ಎಲುಬಿನ ಜಾಗಕ್ಕೆ ಕೂಡಿಸುವ ವಸ್ತು ತಯಾರಿಸುವುದನ್ನು ಕಲಿತಿದ್ದ. ಅವನು ಕಟ್ಟೆಯ ಮೇಲೆ ಕೂತು ಬೆವರುವುದನ್ನು ನೋಡಿ ನನಗೆ ನನ್ನದೇ ನೆನಪಾಯಿತು. "ಕುರಿ ಕಾಲ ಮುರದ್ರ ನಡೀತದೇನು? ಮಳಿಯಾಗ ನೆನದ್ರ? ಓಡಿದ್ರ?" ಎಂದು ಮುತ್ಯಾ ಅವನನ್ನು ಬಿಡಲಿಲ್ಲ. ಹುಡುಗ ಕೊನೆಗೆ "ಗೊತ್ತಿಲ್ಲ ಮುತ್ಯಾ" ಎಂದ. "ಛಲೋ" ಎಂದು ಮುತ್ಯಾ ಅವನ ಬೆನ್ನು ತಟ್ಟಿದ.

ನಾನು ಪ್ರತಿ ರಜೆಗೆ ಬಂದಾಗ ದೇವರ ಹಿಂಡಿನ ಮರಿಗಳ ಕಿವಿ ತುಣುಕು ಒಯ್ಯುತ್ತಿದ್ದೆ. ಕತ್ತರಿಸುವವನು ಮುತ್ಯಾನೇ, ಅದೇ ಹಳೆಯ ಹಿಡಿತ. ತುಣುಕು ಮಾತ್ರ ಈಗ ಭಂಡಾರದ ತಟ್ಟೆಗೆ ಬೀಳದೆ ನನ್ನ ಕೊಳವೆಗೆ ಬೀಳುತ್ತಿತ್ತು. ಕೊನೆಯ ಸಲ ಬಂದಾಗ ಅವನಿಗೆ ದಮ್ಮು ಹತ್ತಿತ್ತು. ನಾಲ್ಕು ಹೆಜ್ಜೆಗೊಮ್ಮೆ ಕೋಲೂರಿ ನಿಲ್ಲುತ್ತಿದ್ದ. ಹಿಂಡು ಬೇವಿನ ನೆರಳಿಗೆ ಬಂದ ಮೇಲೆ ಕೇಳಿದ:

"ಪೋರಿ, ಆ ಕಂಪ್ಯೂಟರಿನಾಗ ಒಂದ ಹಿಂಡ ಕಟ್ಟಿದ್ದೆಲಾ, ಅದನ್ನ ಈಗ ಯಾರು ಕಾಯತಾರ?"

"ಯಾರೂ ಇಲ್ಲ ಮುತ್ಯಾ. ಕೆಲಸ ಮುಗೀತು, ಬಂದ್ ಮಾಡೀನಿ."

"ಜೋಡಿ ಎಲ್ಲಾ ತೆಗದು, ಹಂಗ ನಡುವ ಬಿಟ್ಟು ಬಂದಿ?"

ನಾನು ನಕ್ಕೆ. ಅವನು ನಗಲಿಲ್ಲ. "ಹಿಂಡು ಹಂಗ ಬಿಡಬಾರದು ತಾಯಿ" ಎಂದ. ನೋಯಿಸಿದೆನೇನೋ ಎಂದು, "ನೋಡತೀನಿ ಬಿಡು" ಎಂದು ಮಾತು ತೇಲಿಸಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪನ ಫೋನು ಬಂತು. ಹಿಂಡಿನ ಹತ್ತಿರವೇ, ಬೇವಿನ ಬುಡಕ್ಕೆ ಒರಗಿ ಕೂತಲ್ಲೇ ಹೋಗಿದ್ದ. ನಾನು ತಲುಪುವಾಗ ಮಣ್ಣು ಮಾಡಿಯಾಗಿತ್ತು. ದೇವರ ಹಿಂಡಿನ ಹಿಂದೆ ಕೋಲು ಹಿಡಿದು ಕಾಕಾ ನಿಂತಿದ್ದ. "ಮೊನ್ನೆ ಒಂದ ಕುರಿ ಜೋಡಿ ಹಾಕ್ತು. ಇಲ್ಲೇ ಹುಟ್ಟಿ ಬೆಳದದ್ದು ಅದು. ನೋಡಿ ಹೋದ ಮುದುಕ" ಎಂದ. ಇಷ್ಟರಿಂದ ಏನೂ ಸಾಬೀತಾಗುವುದಿಲ್ಲ. ಓದಬೇಕಾದ ಕೊಳವೆಗಳು ಇನ್ನೂ ಬಹಳ ಇವೆ. ಕಾಕಾನಿಗೆ ಅದನ್ನೇ ಹೇಳಿದೆ. ಅವನು, "ಮತ್ತ ಯಾವಾಗ ತಿಳೀತದ?" ಎಂದು ಕೇಳಿದ.

ಪುಣೆಗೆ ಮರಳಿದ ದಿನವೇ ಹಳೆಯ ಪ್ರೋಗ್ರಾಂ ಹುಡುಕಿ ತೆಗೆದೆ. ಹಿಂಡು ನಾನು ಬಿಟ್ಟಲ್ಲೇ ನಿಂತಿತ್ತು. ತೊಗರಿ ಮುಗಿಯುತ್ತ ಬಂದ ಜೋಳದ ರಾಶಿಯಂತೆ, ಇನ್ನು ಬೆರಳೆಣಿಕೆಯ ಜೋಡಿ ಹಾಕುವ ಕುರಿಗಳು. ಜೋಡಿಗಳನ್ನು ಹೊರಗೆ ಹಾಕುವ ಸಾಲನ್ನು ಅಳಿಸಿದೆ. ಅವು ಹಿಂಡಿನಲ್ಲೇ ಇರಲಿ ಎಂದು ಬರೆದು ನಡೆಸಿದೆ. ಪಕ್ಕದ ಮೇಜಿನ ಗೆಳತಿ ಇದು ಯಾವ ಕೆಲಸಕ್ಕೆ ಎಂದು ಕೇಳಿದಳು. ಯಾವ ಕೆಲಸಕ್ಕೂ ಅಲ್ಲ ಎಂದೆ. ಗೆರೆ ಬಹಳ ಹೊತ್ತು ನೆಲದ ಮೇಲೆಯೇ ಹೋಯಿತು. ಆಮೇಲೆ ಒಂದಿಷ್ಟು ತಲೆ ಎತ್ತಿತು. ನಾನು ಕುರ್ಚಿ ಹತ್ತಿರ ಎಳೆದುಕೊಂಡು ಕೂತೆ. ಹಿಂಡು ಇನ್ನೂ ನಡೆಯುತ್ತಿತ್ತು, ಬಿಟ್ಟು ಏಳುವಂತಿರಲಿಲ್ಲ.